ರಕೂನ್ ಕಾಟ: ಬೋನು ತರುವ ಮೊದಲು ಚಿಲಕ ನೋಡಿ

ಉತ್ತರ ಅಮೆರಿಕದ ಹಳ್ಳಿಗಾಡಿನಲ್ಲಿ ಮನೆ ಮಾಡಿದವರಿಗೆ ರಕೂನ್ ಎಂಬ, ಕಣ್ಣ ಸುತ್ತ ಕಪ್ಪು ಪಟ್ಟಿಯಿರುವ ರಾತ್ರಿಪ್ರಾಣಿಯ ಗುರುತು ಸಿಗುವುದು ಬೆಳಗಿನ ಹೊತ್ತು. ಕಸದ ಡಬ್ಬಿ ಮಗುಚಿರುತ್ತದೆ. ಪಕ್ಕದ ಕೆಸರಿನಲ್ಲಿ ಮುಂಗಾಲಿನ ಐದು ಬೆರಳು ಪುಟ್ಟ ಮಗುವಿನ ಅಂಗೈಯಂತೆ ಅಚ್ಚೊತ್ತಿರುತ್ತವೆ. ಆ ಬೆರಳುಗಳನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ರಕೂನ್ ಕತ್ತಲಲ್ಲಿ ಕಣ್ಣಿಗಿಂತ ಕೈಯನ್ನೇ ಹೆಚ್ಚು ನಂಬುತ್ತದೆ. ತಡವುತ್ತದೆ, ಎಳೆಯುತ್ತದೆ, ತಿರುಗಿಸುತ್ತದೆ. ಸಡಿಲವಾದದ್ದು ಒಂದು ಸಿಕ್ಕರೆ ಮರುರಾತ್ರಿ ಅಲ್ಲಿಗೇ ಬರುತ್ತದೆ.

ಆದ್ದರಿಂದ ಮೊದಲ ಕೆಲಸ ಊಟ ನಿಲ್ಲಿಸುವುದು. ನಾಯಿ, ಬೆಕ್ಕಿನ ಬಟ್ಟಲನ್ನು ಕತ್ತಲಾಗುವ ಮೊದಲೇ ಒಳಗಿಡಿ. ಕೋಳಿಕಾಳನ್ನು ಬಿಗಿ ಮುಚ್ಚಳದ ಲೋಹದ ಡ್ರಮ್ಮಿನಲ್ಲಿ ತುಂಬಿಡಿ. ಕಸದ ಡಬ್ಬಿಯ ಮುಚ್ಚಳಕ್ಕೆ ರಬ್ಬರ್ ಹಗ್ಗ ಬಿಗಿದರೆ ಸಾಲದು, ಡಬ್ಬಿಯನ್ನೇ ಕಂಬಕ್ಕೆ ಕಟ್ಟಿ. ಉರುಳಿದ ಡಬ್ಬಿಯ ಮುಚ್ಚಳ ಎಷ್ಟೋ ಸಲ ತಾನಾಗಿ ತೆರೆದುಕೊಳ್ಳುತ್ತದೆ. ಮರದಡಿ ಬಿದ್ದ ಹಣ್ಣನ್ನು ಸಂಜೆಯೇ ಆರಿಸಿಬಿಡಿ.

ಕೋಳಿಗೂಡಿನಲ್ಲಿ ಹೆಚ್ಚಿನವರು ಎಡವುವುದು ಬಲೆಯ ಆಯ್ಕೆಯಲ್ಲಿ. ಷಟ್ಕೋನ ಕಣ್ಣಿನ ತೆಳು ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ರಕೂನನ್ನು ಹೊರಗಿಡುವುದಿಲ್ಲ. ಅದನ್ನು ಹರಿಯಬಹುದು, ದೊಡ್ಡ ಕಣ್ಣಿದ್ದರೆ ಕೈ ತೂರಿಸಿ ನಿದ್ದೆಯಲ್ಲಿರುವ ಕೋಳಿಯ ಕತ್ತನ್ನೇ ಎಳೆಯಬಹುದು. ಬಲೆಯ ಪಕ್ಕದಲ್ಲೇ ತಲೆಯಿಲ್ಲದ ಕೋಳಿ ಬಿದ್ದಿದ್ದರೆ ಮೊದಲ ಅನುಮಾನ ರಕೂನ್ ಮೇಲೆ. ಬೆಸುಗೆ ಹಾಕಿದ, 12 ಮಿಲಿಮೀಟರ್ ಚೌಕ ಕಣ್ಣಿನ ಗಟ್ಟಿ ತಂತಿಜಾಲರಿ ಬಳಸಿ. ಅದನ್ನು ಸ್ಟೇಪ್ಲರ್ ಪಿನ್ನಿನಲ್ಲಿ ಕೂರಿಸಬೇಡಿ. ಒಂದು ಪಿನ್ ಎದ್ದರೆ ಸಾಲಾಗಿ ಎಲ್ಲವೂ ಏಳುತ್ತವೆ. ಅಗಲ ವಾಷರ್ ಇಟ್ಟು ಸ್ಕ್ರೂ ಬಿಗಿಯಿರಿ. ಗೋಡೆಯ ಬುಡದಲ್ಲಿ ಜಾಲರಿಯನ್ನು ಹೊರಮುಖವಾಗಿ ಮಡಚಿ, ಕನಿಷ್ಠ 30 ಸೆಂಟಿಮೀಟರ್ ಅಗಲಕ್ಕೆ ನೆಲದ ಮೇಲೆ ಹಾಸಿ ಮಣ್ಣು ಮುಚ್ಚಿ. ಗೋಡೆಗೆ ಅಂಟಿಕೊಂಡೇ ಅಗೆಯುವ ಪ್ರಾಣಿಗೆ ಎಲ್ಲಿ ಕೆರೆದರೂ ತಂತಿಯೇ ಸಿಗುತ್ತದೆ. ಗಾಳಿಕಿಂಡಿಗಳನ್ನೂ ಬಿಡಬೇಡಿ.

ಬಾಗಿಲ ಅಗುಳಿ, ಕೊಕ್ಕೆ, ತಿರುಗಿಸುವ ಮರದ ತುಂಡು, ಇವನ್ನೆಲ್ಲ ರಕೂನ್ ತೆಗೆಯಬಲ್ಲದು. ಬೇಕಾದದ್ದು ಎರಡು ಬೇರೆ ಬೇರೆ ಚಲನೆ ಕೇಳುವ ಚಿಲಕ. ಸಾದಾ ಅಗುಳಿಯ ತೂತಿಗೆ ತಿರುಪು ಬಿಗಿಯುವ ಸ್ಪ್ರಿಂಗ್ ಕೊಂಡಿ ಹಾಕಿದರೂ ಸಾಕು. ಬಾಗಿಲಿನ ಕೆಳಮೂಲೆಯನ್ನು ಬೆರಳಿನಿಂದ ಎಳೆದು ನೋಡಿ. ಮೇಲೆ ಭದ್ರವಾಗಿದ್ದು ಕೆಳಗೆ ಬಾಗುವ ಬಾಗಿಲಿಗೆ ಅಲ್ಲೂ ಒಂದು ಚಿಲಕ ಬೇಕು.

ಮುಸುಕಿನ ಜೋಳಕ್ಕೆ ನಿಜವಾಗಿ ಕೆಲಸ ಮಾಡುವುದು ವಿದ್ಯುತ್ ಬೇಲಿಯೊಂದೇ ಎಂದರೂ ತಪ್ಪಿಲ್ಲ. ನೆಲದಿಂದ 15 ಮತ್ತು 30 ಸೆಂಟಿಮೀಟರ್ ಎತ್ತರಕ್ಕೆ ಎರಡು ತಂತಿ, ಅದಕ್ಕೊಂದು ಝಟ್ಕಾ ಮಷಿನ್. ಬೇಲಿಗೆಂದೇ ಮಾಡಿದ ಯಂತ್ರವೇ ಆಗಬೇಕು. ಮನೆಯ ಕರೆಂಟನ್ನು ನೇರ ತಂತಿಗೆ ಕೊಟ್ಟರೆ ಮನುಷ್ಯರು ಸಾಯುತ್ತಾರೆ. ತೆನೆಯ ಕಾಳಿನಲ್ಲಿ ಹಾಲು ತುಂಬುವುದಕ್ಕೆ ಎರಡು ವಾರ ಮೊದಲೇ ಬೇಲಿ ಶುರುವಾಗಲಿ. ಒಮ್ಮೆ ರುಚಿ ಸಿಕ್ಕಿದ ಮೇಲೆ ಒಂದೆರಡು ಏಟು ತಿಂದಾದರೂ ನುಗ್ಗುತ್ತವೆ. ಬೇಲಿ ಇದ್ದೂ ಬೆಳೆ ಹೋಯಿತೆಂದರೆ ಕಾರಣ ಹೆಚ್ಚಾಗಿ ಹುಲ್ಲು: ಕೆಳತಂತಿಗೆ ತಾಗಿದ ಒದ್ದೆ ಹುಲ್ಲಿನ ಮೂಲಕ ಕರೆಂಟು ನೆಲಕ್ಕಿಳಿದಿರುತ್ತದೆ. ತಂತಿಯ ಅಡಿಯನ್ನು ಬೋಳಾಗಿಡಿ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅರ್ಥಿಂಗ್ ಸರಳಿನ ಬುಡಕ್ಕೆ ನೀರು ಹಾಕಿ, ಬೇಲಿಯ ವೋಲ್ಟ್ ಮೀಟರಿನಲ್ಲಿ 3000 ವೋಲ್ಟ್‌ಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ.

ಅಟ್ಟ ಅಥವಾ ಚಿಮಣಿಯೊಳಗೆ ಸೇರಿದ್ದರೆ ದಯವಿಟ್ಟು ಅವಸರ ಬೇಡ. ಮರಿಗಳು ಬಹುತೇಕ ಏಪ್ರಿಲ್, ಮೇ ತಿಂಗಳಲ್ಲಿ ಹುಟ್ಟುತ್ತವೆ, ಒಂದು ಸೂಲಿಗೆ ಸಾಮಾನ್ಯವಾಗಿ ಮೂರರಿಂದ ಐದು. ಎಂಟು–ಹತ್ತು ವಾರ ಗೂಡು ಬಿಡುವುದಿಲ್ಲ. ಆ ದಿನಗಳಲ್ಲಿ ತಾಯಿ ಹೊರಗೆ ಹೋದಾಗ ತೂತು ಮುಚ್ಚಿದರೆ ಅವಳು ಸೂರನ್ನೇ ಕಿತ್ತು ಒಳಗೆ ಹೋಗುತ್ತಾಳೆ. ಹೋಗಲಾಗದಿದ್ದರೆ ಮರಿಗಳು ಒಳಗೇ ಹಸಿದು ಸಾಯುತ್ತವೆ. ಹಕ್ಕಿಯ ಚಿಲಿಪಿಲಿಯಂಥ ಸಣ್ಣ ಸದ್ದು ಕೇಳಿದರೆ ಮರಿಗಳಿವೆ ಎಂದೇ ತಿಳಿಯಿರಿ. ಗೂಡಿನ ಹತ್ತಿರ ಪ್ರಖರ ದೀಪ ಮತ್ತು ಮಾತಿನ ಕಾರ್ಯಕ್ರಮ ಬರುವ ರೇಡಿಯೋ ಇಡಿ. ಕೆಲವು ರಾತ್ರಿಗಳಲ್ಲಿ ತಾಯಿ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಬೇರೆ ಗೂಡಿಗೆ ಸಾಗಿಸುತ್ತಾಳೆ. ಚಿಮಣಿಯಲ್ಲಿ ಬೆಂಕಿ ಹಾಕುವುದು ಮಾತ್ರ ಬೇಡವೇ ಬೇಡ. ತಾಯಿ ಹತ್ತಿ ಪಾರಾದರೂ ಮರಿಗಳು ಹತ್ತಲಾರವು. ಡಾಂಬರು ಗುಳಿಗೆಯೂ ಬೇಡ. ಅದರ ಆವಿ ಮನೆಯವರ ಆರೋಗ್ಯಕ್ಕೇ ಕೆಟ್ಟದ್ದು.

ಖಾಲಿಯಾಗಿದೆಯೇ ಎಂದು ತಿಳಿಯಲು ತೂತಿಗೆ ಹಳೆ ಪತ್ರಿಕೆಯನ್ನು ಸಡಿಲವಾಗಿ ತುರುಕಿ. ಮಳೆ, ಹಿಮವಿಲ್ಲದ ಮೂರು ರಾತ್ರಿ ಅದು ಅಲುಗದಿದ್ದರೆ, ಒಳಗೆ ಸದ್ದೂ ಇಲ್ಲದಿದ್ದರೆ ಮುಚ್ಚಬಹುದು. ಲೋಹದ ತಗಡು ಅಥವಾ ಅದೇ 12 ಮಿಲಿಮೀಟರ್ ಜಾಲರಿಯನ್ನು ತೂತಿನ ಸುತ್ತ 15 ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟು, ಕೊಳೆತ ಹಲಗೆಗಲ್ಲ, ಗಟ್ಟಿ ಮರಕ್ಕೇ ಬಿಗಿಯಿರಿ. ಚಿಮಣಿಗೆ ಜಾಲರಿಯಿರುವ ಲೋಹದ ಟೊಪ್ಪಿ ಹಾಕಿಸಿ.

ಹಿಕ್ಕೆಯ ವಿಷಯದಲ್ಲಿ ಸಲಿಗೆ ಸಲ್ಲದು. ರಕೂನ್‌ಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಲ ಹಾಕುತ್ತವೆ: ಮರದ ಬುಡ, ಸೌದೆ ರಾಶಿ, ಚಾವಣಿ. ಅದರಲ್ಲಿ ಬೇಲಿಸಾಸ್ಕರಿಸ್ ಎಂಬ ದುಂಡುಹುಳುವಿನ ಮೊಟ್ಟೆ ಇರಬಹುದು. ಮನುಷ್ಯರ ಹೊಟ್ಟೆ ಸೇರಿದರೆ ಮಿದುಳು, ಕಣ್ಣಿಗೆ ಹಾನಿ ಮಾಡುತ್ತದೆ. ಮಣ್ಣಾಡಿ ಕೈ ಬಾಯಿಗಿಡುವ ಮಕ್ಕಳಿಗೆ ಅಪಾಯ ಹೆಚ್ಚು. ಮೊಟ್ಟೆ ಸೋಂಕು ತಗಲಿಸುವ ಹಂತಕ್ಕೆ ಬರಲು ಎರಡರಿಂದ ನಾಲ್ಕು ವಾರ ಬೇಕು, ಹಾಗಾಗಿ ಕಂಡ ತಕ್ಷಣ ತೆಗೆದರೆ ಗೆದ್ದಂತೆ. ಕೈಗವಸು, ರಬ್ಬರ್ ಬೂಟು, ಎನ್95 ಮಾಸ್ಕ್ ಹಾಕಿ. ದೂಳೇಳದಂತೆ ನೀರು ಚಿಮುಕಿಸಿ, ಸಲಿಕೆಯಿಂದ ಎತ್ತಿ ಎರಡು ಚೀಲಗಳೊಳಗೆ ಕಟ್ಟಿ. ಆ ಜಾಗಕ್ಕೆ ಕೊತಕೊತ ಕುದಿಯುವ ನೀರು ಸುರಿಯಿರಿ. ಬ್ಲೀಚಿಗೆ ಈ ಮೊಟ್ಟೆ ಸಾಯುವುದಿಲ್ಲ. ಒಣ ಹಿಕ್ಕೆಯನ್ನು ಗುಡಿಸಲೇಬೇಡಿ. ಮಕ್ಕಳ ಮರಳುಗುಂಡಿಗೆ ಮುಚ್ಚಳವಿರಲಿ.

ಹಗಲಲ್ಲಿ ಕಂಡ ಮಾತ್ರಕ್ಕೆ ರೇಬೀಸ್ ಅಲ್ಲ. ಹಾಲೂಡಿಸುವ ತಾಯಿ ಹಗಲೂ ಮೇಯುತ್ತದೆ. ತೂರಾಡುತ್ತಿದ್ದರೆ, ಸುತ್ತಿದಲ್ಲೇ ಸುತ್ತುತ್ತಿದ್ದರೆ, ಮನುಷ್ಯರಿಗೆ ಹೆದರದಿದ್ದರೆ ಅದು ರೇಬೀಸ್ ಇರಬಹುದು, ಡಿಸ್ಟೆಂಪರ್ ಎಂಬ ವೈರಸ್ ರೋಗ ಇರಬಹುದು. ಹತ್ತಿರ ಹೋಗದೆ ವನ್ಯಜೀವಿ ಇಲಾಖೆಗೆ ತಿಳಿಸಿ. ಕಚ್ಚಿದರೆ 15 ನಿಮಿಷ ಸೋಪುನೀರಿನಲ್ಲಿ ತೊಳೆದು ತಕ್ಷಣ ವೈದ್ಯರಲ್ಲಿಗೆ ಹೋಗಿ. ನಾಯಿ, ಬೆಕ್ಕುಗಳ ಲಸಿಕೆ ತಪ್ಪಿಸಬೇಡಿ.

ಬೋನು ಇಷ್ಟೂ ಆದ ಮೇಲಿನ ಮಾತು. ಮೊದಲು ನಿಮ್ಮ ರಾಜ್ಯದ ನಿಯಮ ಕೇಳಿ. ಹಿಡಿದ ರಕೂನನ್ನು ಬೇರೆಡೆ ಒಯ್ದು ಬಿಡುವುದು ಹಲವು ರಾಜ್ಯಗಳಲ್ಲಿ ಕಾನೂನುಬಾಹಿರ, ಏಕೆಂದರೆ ರೋಗವೂ ಜೊತೆಗೆ ಹೋಗುತ್ತದೆ. ಅನುಮತಿ ಇದ್ದರೆ ಸುಮಾರು 80 ಸೆಂಟಿಮೀಟರ್ ಉದ್ದ, 25 ಅಗಲ, 30 ಎತ್ತರದ ಪಂಜರ ತನ್ನಿ. ಮೀನು ಇಟ್ಟರೆ ಊರ ಬೆಕ್ಕುಗಳೇ ಬೀಳುತ್ತವೆ, ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಸಕ್ಕರೆ ಮಿಠಾಯಿ ಇಡಿ. ಹೊರಗಿನಿಂದ ಕೈ ಹಾಕಿ ತಿನ್ನದಂತೆ ತಿಂಡಿಯನ್ನು ಒತ್ತುಹಲಗೆಯ (ಕಾಲಿಟ್ಟರೆ ಬಾಗಿಲು ಬೀಳಿಸುವ ತಟ್ಟೆ) ಹಿಂದೆ ದೂರಕ್ಕಿಡಿ, ಪಂಜರ ಉರುಳದಂತೆ ನೆಲಕ್ಕೆ ಬಿಗಿಯಿರಿ, ಬೆಳಕು ಹರಿಯುತ್ತಲೇ ನೋಡಿ. ಚಿಲಕ ಸರಿಪಡಿಸದೆ ಒಂದನ್ನು ಹಿಡಿದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ.

ಎಲ್ಲ ಮುಚ್ಚಿದ ಮೇಲೂ ಹಳೆ ಅಭ್ಯಾಸದಿಂದ ಒಂದೆರಡು ವಾರ ತಡವಿ ನೋಡಲು ಬರುತ್ತವೆ. ಬಾಗಿಲ ಮುಂದೆ, ಡಬ್ಬಿಯ ಸುತ್ತ ನುಣುಪು ಮರಳು ಉದುರಿಸಿಡಿ. ಹೆಜ್ಜೆ ಎಲ್ಲಿ ನಿಂತು ತಿರುಗಿದೆಯೋ ಅಲ್ಲಿನ ಸ್ಕ್ರೂಗಳನ್ನು ಅಂದೇ ಇನ್ನೊಮ್ಮೆ ಬಿಗಿಯಿರಿ.