ಅಟ್ಟದ ಕೋಣೆಗೆ ಬೆಂಕಿ ತಡೆಯುವ ಬಾಗಿಲು: ಎಲ್ಲಿ, ಎಂಥದ್ದು, ಹೇಗೆ?

ಇಂಗ್ಲೆಂಡಿನಲ್ಲಿ ಎರಡು ಅಂತಸ್ತಿನ ಮನೆ. ಜಾಗ ಸಾಲುತ್ತಿಲ್ಲ, ಅಟ್ಟವನ್ನೇ ಮಲಗುವ ಕೋಣೆ ಮಾಡೋಣ ಅಂತ ಹೊರಟಿದ್ದೀರಿ. ಕಿಟಕಿ, ಮೆಟ್ಟಿಲು, ಬಣ್ಣ ಎಲ್ಲದರ ಲೆಕ್ಕವೂ ಆಗಿದೆ. ಆದರೆ ಕೆಳಗಿನ ಅಡುಗೆಮನೆಯ ಬಾಗಿಲನ್ನೂ ಬದಲಿಸಬೇಕಾದೀತು ಅಂತ ಹೊಳೆದಿತ್ತಾ?

ಅಟ್ಟ ಕೋಣೆಯಾದರೆ ಮನೆಗೆ ಮೂರನೇ ಅಂತಸ್ತು ಬಂತು. ಅದರ ನೆಲ ಹೊರಗಿನ ನೆಲಮಟ್ಟದಿಂದ 4.5 ಮೀಟರ್‌ಗಿಂತ ಎತ್ತರದಲ್ಲಿದ್ದರೆ, ಕಿಟಕಿಯಿಂದ ಇಳಿದು ಪಾರಾಗುವುದನ್ನು ನಿಯಮ ನಂಬುವುದಿಲ್ಲ. ಉಳಿಯುವ ದಾರಿ ಮೆಟ್ಟಿಲೊಂದೇ. ಹಾಗಾಗಿ ಅಟ್ಟದಿಂದ ಮುಂಬಾಗಿಲಿನವರೆಗೆ ಮೆಟ್ಟಿಲಿನ ದಾರಿಗೆ ಬೆಂಕಿ ನುಗ್ಗದಂತೆ ಕಾಯಬೇಕು. ಸರ್ಕಾರದ 'ಅಪ್ರೂವ್ಡ್ ಡಾಕ್ಯುಮೆಂಟ್ ಬಿ' ಮಾರ್ಗಸೂಚಿ ಕೇಳುವುದು ಇದನ್ನೇ.

ಮೊದಲು ಅಟ್ಟದಿಂದ ಮುಂಬಾಗಿಲಿನವರೆಗೆ ನಿಧಾನವಾಗಿ ಇಳಿದು ಬನ್ನಿ. ದಾರಿಗೆ ತೆರೆದುಕೊಳ್ಳುವ ಬಾಗಿಲುಗಳನ್ನೆಲ್ಲ ಎಣಿಸಿ. ಮಲಗುವ ಕೋಣೆ, ಹಜಾರ, ಅಡುಗೆಮನೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬಚ್ಚಲುಮನೆಗೆ ಸಾಮಾನ್ಯವಾಗಿ ವಿನಾಯಿತಿ ಇದೆ. ನಿಮ್ಮ ಮೆಟ್ಟಿಲು ನೇರವಾಗಿ ಹಜಾರಕ್ಕೇ ಇಳಿಯುತ್ತಿದ್ದರೆ ಬಾಗಿಲು ಕೊಳ್ಳುವ ಮಾತು ಆಮೇಲೆ. ಗೋಡೆ ಕಟ್ಟಬೇಕೋ, ಬೆಂಕಿ ಬಿದ್ದಾಗ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಹಾಕಿಸಬೇಕೋ ಅಂತ ಮೊದಲು, ಕಟ್ಟಡ ಕೆಲಸ ನಿಯಮದಂತೆ ಇದೆಯಾ ಅಂತ ತಪಾಸಣೆ ಮಾಡುವ ಬಿಲ್ಡಿಂಗ್ ಕಂಟ್ರೋಲ್‌ನವರನ್ನು ಕೇಳಿ.

ಇನ್ನು ಬಾಗಿಲು. ನಿಯಮ ಕೇಳುವುದು 20 ನಿಮಿಷ ಬೆಂಕಿ ತಡೆಯುವ ಎಫ್‌ಡಿ20. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 30 ನಿಮಿಷದ ಎಫ್‌ಡಿ30, ಅದನ್ನೇ ತನ್ನಿ. ಮಾಮೂಲಿ ಒಳಬಾಗಿಲು 35 ಮಿ.ಮೀ. ದಪ್ಪ ಇದ್ದರೆ ಇದು ಸಾಮಾನ್ಯವಾಗಿ 44 ಮಿ.ಮೀ. ಹಳೆಯ ಚೌಕಟ್ಟಿನಲ್ಲಿ ಕೂರುತ್ತದಾ ಅಂತ ಅಳೆದು ನೋಡಿ. ತೂಕವೂ ಜಾಸ್ತಿ, ಮೂರು ಹಿಂಜ್ ಬೇಕು. ಹಿಂಜ್ ಕನಿಷ್ಠ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗಬಾರದು. ಅಲ್ಯೂಮಿನಿಯಂ 660ಕ್ಕೇ ಕರಗಿಬಿಡುತ್ತದೆ, ಉಕ್ಕಿನದು ತನ್ನಿ.

ಎಷ್ಟೇ ಒಳ್ಳೆಯ ಬಾಗಿಲಾದರೂ ಕೈಕೊಡುವುದು ಸಂದಿನಲ್ಲಿ. ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಮೇಲೆ ಮತ್ತು ಎರಡೂ ಪಕ್ಕ ಸುಮಾರು 3 ಮಿ.ಮೀ. ಸಂದು ಇರಬೇಕು. ಒಂದು ಪೌಂಡ್ ನಾಣ್ಯ 2.8 ಮಿ.ಮೀ. ದಪ್ಪ. ಬಾಗಿಲು ಮುಚ್ಚಿ, ನಾಣ್ಯವನ್ನು ಸಂದಿನ ಉದ್ದಕ್ಕೂ ಜಾರಿಸಿ. ಹಿಡಿದರೆ ಬಿಗಿ, ಸಡಿಲವಾಗಿ ಅಲ್ಲಾಡಿದರೆ ಸಂದು ದೊಡ್ಡದು. ಅಂಚಿನಲ್ಲಿ ತೋಡು ತೆಗೆದು ಇಂಟುಮೆಸೆಂಟ್ ಪಟ್ಟಿ ಕೂರಿಸುತ್ತಾರೆ. ನೋಡಲು ಸುಮ್ನೆ ಪ್ಲಾಸ್ಟಿಕ್ ಪಟ್ಟಿಯಂತಿರುತ್ತದೆ. ಬೆಂಕಿಯ ಕಾವು ತಾಗಿದಾಗ ಅದು ಉಬ್ಬಿ ಸಂದನ್ನೆಲ್ಲ ಮುಚ್ಚುತ್ತದೆ. ಸಂದು ಬೆರಳಗಲ ಇದ್ದರೆ ಪಟ್ಟಿ ಎಷ್ಟು ಉಬ್ಬಿದರೂ ಸಾಲದು. ಕೆಲವು ಬಾಗಿಲಿಗೆ ಪಟ್ಟಿ ಮೊದಲೇ ಬಂದಿರುತ್ತದೆ, ಇಲ್ಲದಿದ್ದರೆ ಚೌಕಟ್ಟಿನಲ್ಲೇ ಕೂರಿಸಬಹುದು.

ಬಾಗಿಲನ್ನು ಎಷ್ಟು ಹೆರೆಯಬಹುದು ಅಂತ ತಯಾರಕರ ಚೀಟಿಯಲ್ಲಿ ಬರೆದಿರುತ್ತದೆ. ಅದನ್ನು ಮೀರಬೇಡಿ. ಮೇಲಂಚಿನ ಲೇಬಲ್ಲನ್ನೂ ಕಿತ್ತುಹಾಕಬೇಡಿ, ಅದೇ ನಿಮ್ಮ ಪುರಾವೆ. ಗಾಜು ಬೇಕಾದರೆ ಗಾಜಿನ ಸಮೇತ ಪರೀಕ್ಷೆಯಾದ ಬಾಗಿಲನ್ನೇ ಕೊಳ್ಳಿ. ಆಮೇಲೆ ಕೊರೆದು ಗಾಜು ಕೂರಿಸುವುದು ಬೇಡವೇ ಬೇಡ.

ಮನೆ ಹಳೆಯದು, ಚೆಂದದ ಮರದ ಬಾಗಿಲುಗಳಿವೆ ಅಂದರೆ ಒಮ್ಮೆಲೇ ಎಸೆಯಬೇಡಿ. ಅಂಥವನ್ನು ಉಳಿಸಿಕೊಂಡು ಬಲಪಡಿಸಲು ಅವಕಾಶ ಇದೆ. ಕೆಲಸ ಶುರುವಾಗುವ ಮೊದಲೇ ಬಿಲ್ಡಿಂಗ್ ಕಂಟ್ರೋಲ್ ಅಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ.

ತಾನಾಗಿ ಮುಚ್ಚಿಕೊಳ್ಳುವ ಕ್ಲೋಸರ್ ಈ ಬಾಗಿಲುಗಳಿಗೆ ಕಡ್ಡಾಯ ಅಲ್ಲ. ಮನೆಯೊಳಗಿಂದ ಗ್ಯಾರೇಜಿಗೆ ಹೋಗುವ ಬಾಗಿಲಿಗೆ ಮಾತ್ರ ಬೇಕೇ ಬೇಕು. ಹಾಗಾಗಿ ರಾತ್ರಿ ಮಲಗುವ ಮುಂಚೆ ಬಾಗಿಲುಗಳನ್ನೆಲ್ಲ ಮುಚ್ಚುವುದು ನಿಮ್ಮದೇ ಕೆಲಸ. ತೆರೆದಿಟ್ಟ ಬಾಗಿಲು ಏನನ್ನು ತಡೆದೀತು, ಅಲ್ವಾ?

ಪ್ರತಿ ಅಂತಸ್ತಿಗೂ ವಿದ್ಯುತ್ತಿನಿಂದ ನಡೆಯುವ, ಒಂದಕ್ಕೊಂದು ಬೆಸೆದ ಹೊಗೆ ಅಲಾರಂ ಬೇಕು. ಒಂದು ಕೂಗಿದರೆ ಎಲ್ಲವೂ ಕೂಗಬೇಕು. ಕರೆಂಟು ಹೋದರೂ ನಡೆಯಲು ಒಳಗೆ ಬ್ಯಾಟರಿ ಇರಲಿ. ಕೊನೆಯ ತಪಾಸಣೆಯ ದಿನ ಬಾಗಿಲಿನ ಚೀಟಿಗಳನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಎಲ್ಲ ಸರಿಯಿದ್ದರೆ, ಕೆಲಸ ನಿಯಮದಂತೆ ಮುಗಿದಿದೆ ಅನ್ನುವ ಕಂಪ್ಲೀಷನ್ ಸರ್ಟಿಫಿಕೇಟ್ ಕೊಡುತ್ತಾರೆ. ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಅದನ್ನು ಕೇಳುತ್ತಾರೆ, ಮನೆಪತ್ರಗಳ ಜೊತೆಗೇ ಇಡಿ.