ಹಳೆಯ ವೇಗದ ಸೆಡಾನ್ ಕೊಳ್ಳುವ ಮುನ್ನ: ವಾರಂಟಿಯಲ್ಲಿ ಏನಿಲ್ಲ ಎಂಬ ಪುಟದಿಂದ ಓದಲು ತೊಡಗಿ

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 2017ರಲ್ಲಿ ನಮ್ಮ ದೇಶದ ಷೋರೂಂಗಳಿಗೆ ಬಂದಾಗ ಅದರ ಬೆಲೆ 25 ಲಕ್ಷ ರೂಪಾಯಿಗೆ ತುಸು ಕಡಿಮೆ ಇತ್ತು. 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 230 ಅಶ್ವಶಕ್ತಿ, ಹಿಂದೆ 590 ಲೀಟರ್‌ನ ಡಿಕ್ಕಿ. ಅಜ್ಜ ಅಜ್ಜಿಯನ್ನು ಕೂರಿಸಿಕೊಂಡು ಮದುವೆಗೂ ಹೋಗಬಹುದು, ಖಾಲಿ ಹೆದ್ದಾರಿಯಲ್ಲಿ ಒಬ್ಬರೇ ಓಡಿಸುವ ಸುಖವನ್ನೂ ಉಣ್ಣಬಹುದು. 2020ರ ಆರ್‌ಎಸ್ 245 ಭಾರತಕ್ಕೆ ಬಂದದ್ದು 200 ಮಾತ್ರ. 2025ರಲ್ಲಿ ಬಂದ ಹೊಸದು ಕೇವಲ 100, ಬೆಲೆ ಸುಮಾರು 50 ಲಕ್ಷ. ಹೀಗಾಗಿ ಈ ಕಾರನ್ನು ಬಯಸುವ ಹೆಚ್ಚಿನವರಿಗೆ ಉಳಿದಿರುವುದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯೊಂದೇ. ಅಲ್ಲಿ ಕಾರು ತೋರಿಸಿದ ಕೂಡಲೇ ಬರುವ ಮಾತು: ‘ವಾರಂಟಿ ಕೊಡುತ್ತೇವೆ, ಹೆದರಬೇಡಿ.’

ಆ ಮಾತನ್ನು ನಂಬಿ ಕಾರು ಕೊಂಡವರಲ್ಲಿ ನಾನೂ ಒಬ್ಬ. ಕೊಂಡ ಏಳನೇ ತಿಂಗಳಿಗೆ ಗೇರ್‌ಬಾಕ್ಸ್‌ನಲ್ಲಿ ಗೇರ್ ಬದಲಾವಣೆಯನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕ ಕೈಕೊಟ್ಟಿತು. ಮಾರಿದವರ ವಾರಂಟಿ ಪತ್ರದಲ್ಲಿ ಗೇರ್‌ಬಾಕ್ಸ್ ಸೇರಿತ್ತು. ಆದರೂ ಹಣ ಸಿಗಲಿಲ್ಲ. ಹಿಂದಿನ ಮಾಲೀಕರು 60,000 ಕಿಲೋಮೀಟರ್‌ಗೆ ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ಬಿಲ್ ಇಲ್ಲ ಎಂಬ ಕಾರಣ ಕೊಟ್ಟು ಮಾರಿದವರು ಅರ್ಜಿ ತಿರಸ್ಕರಿಸಿದರು. ಲಕ್ಷ ದಾಟಿದ ಬಿಲ್ಲನ್ನು ನಾನೇ ಕಟ್ಟಿದೆ. ಆ ಷರತ್ತು ಪತ್ರದ ಹನ್ನೊಂದನೇ ಪುಟದಲ್ಲಿ ಅಚ್ಚಾಗಿಯೇ ಇತ್ತು. ನಾನು ಓದಿರಲಿಲ್ಲ. ನೀವು ಓದಬೇಕು ಎಂಬ ಒಂದೇ ಕಾರಣಕ್ಕೆ ಈ ಲೇಖನ.

ಮೊದಲು ಬಿಲ್ಲುಗಳು, ಆಮೇಲೆ ಕಾರು

ಕಾರು ನೋಡಲು ಹೊರಡುವ ಮುನ್ನ ಸರ್ವಿಸ್ ಬಿಲ್ಲುಗಳನ್ನು ಮೊಬೈಲ್‌ಗೆ ಕಳುಹಿಸಲು ಹೇಳಿ. ಕೆಂಪು ಕಾರನ್ನು ಕಣ್ಣಾರೆ ಕಂಡ ಮೇಲೆ ಬಿಲ್ ಓದುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ. ಪ್ರತಿ ಬಿಲ್ಲಿನ ದಿನಾಂಕ ಮತ್ತು ಕಿಲೋಮೀಟರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಂಕಿ ಎಲ್ಲಿಯಾದರೂ ಹಿಂದಕ್ಕೆ ಹೋಗಿದ್ದರೆ ಮೀಟರ್ ತಿರುಗಿಸಿದ್ದಾರೆ ಎಂದು ತಿಳಿದು ಅಲ್ಲಿಗೇ ಕೈಬಿಡಿ.

ಯಾವ ಗೇರ್‌ಬಾಕ್ಸ್ ಎಂಬುದೂ ಗೊತ್ತಿರಲಿ. 2017ರ ಆರ್‌ಎಸ್ 230ರಲ್ಲಿ ಇರುವುದು ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ಗಳ 6 ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅದೇ ಆಕ್ಟೇವಿಯಾದ 1.8 ಲೀಟರ್ ಟರ್ಬೊ ಪೆಟ್ರೋಲ್ (ಟಿಎಸ್‌ಐ) ಕಾರಿನಲ್ಲಿ ಇರುವುದು ಒಣ ಕ್ಲಚ್‌ನ 7 ಗೇರಿನದು. ಈ ಎರಡನೆಯದರ ಬಗ್ಗೆ ದೂರುಗಳು ಎಷ್ಟಿದ್ದವೆಂದರೆ, ಚೀನಾದಲ್ಲಿ ಸ್ಕೋಡಾದ ಒಡೆತನ ಇರುವ ಫೋಕ್ಸ್‌ವ್ಯಾಗನ್ ಕಂಪನಿಯೇ ಡಿಎಸ್‌ಜಿ ವಾರಂಟಿಯನ್ನು 10 ವರ್ಷಕ್ಕೆ ಹೆಚ್ಚಿಸಬೇಕಾಯಿತು. 2013ರಲ್ಲಿ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಅಲ್ಲಿ ವಾಪಸ್ ಕರೆಸಿಕೊಂಡಿತು.

ನೋಡುವ ದಿನ

ನೀವು ಬರುವ ತನಕ ಎಂಜಿನ್ ಚಾಲೂ ಮಾಡಬಾರದೆಂದು ಮುಂಚೆಯೇ ಹೇಳಿಡಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ, ಅದು ತಣ್ಣಗಿರಬೇಕು. ಎಂಜಿನ್ ತಣಿಸುವ ದ್ರವವಾದ ಕೂಲೆಂಟ್‌ನ ಡಬ್ಬಿಯ ಮಟ್ಟ ನೋಡಿ. ಈ ಎಂಜಿನ್‌ನ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್‌ನ ಪ್ಲಾಸ್ಟಿಕ್ ಕವಚ ಸೋರುವುದು ಹೆಸರಾಂತ ಕಾಯಿಲೆ. ಗುಲಾಬಿ ಬಣ್ಣದ ಒಣ ಕಲೆ, ಸಿಹಿ ವಾಸನೆ ಇದ್ದರೆ ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಓಡಿಸುವಾಗ ವೇಗಕ್ಕಿಂತ ನಿಧಾನವೇ ಹೆಚ್ಚು ಹೇಳುತ್ತದೆ. ದಟ್ಟಣೆಯಲ್ಲಿ ತೆವಳುವಾಗ ನಡುಗುತ್ತದೆಯೇ, ಏರಿನಲ್ಲಿ ರಿವರ್ಸ್ ಹಾಕಿದಾಗ ತಡವರಿಸುತ್ತದೆಯೇ ಎಂದು ಗಮನಿಸಿ.

ನೆರೆ ನೀರು ಕುಡಿದ ಕಾರುಗಳ ವಿಷಯದಲ್ಲಿ ಅತಿ ಎಚ್ಚರ ಬೇಕು. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಬಡಾವಣೆಗಳು ಮುಳುಗಿದಾಗ ದುಬಾರಿ ಕಾರುಗಳೂ ನೀರಿನಲ್ಲಿ ನಿಂತಿದ್ದವು. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ಕೆಸರಿನ ಗೆರೆ ಇದೆಯೇ ನೋಡಿ. ಸ್ಟೆಪ್ನಿ ಎತ್ತಿ ಕೆಳಗಿನ ಗುಂಡಿ ನೋಡಿ, ಸೀಟಿನ ಕೆಳಗಿನ ಹಳಿಗಳಿಗೆ ತುಕ್ಕು ಹಿಡಿದಿದೆಯೇ ನೋಡಿ. ಟೈರ್ ಮೇಲಿನ ನಾಲ್ಕಂಕಿ ಅದರ ವಯಸ್ಸು: 2319 ಎಂದರೆ 2019ರ 23ನೇ ವಾರ.

ರೀಮ್ಯಾಪ್ ಆಗಿದೆಯೇ?

ಸಾಮಾನ್ಯ ಕಾರಿನಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ, ವೇಗದ ಕಾರಿನಲ್ಲಿ ಇದೇ ಮುಖ್ಯ. ರೀಮ್ಯಾಪ್, ಅದರ ಮೊದಲ ಹಂತವಾದ ‘ಸ್ಟೇಜ್ 1’, ಎಂದರೆ ಎಂಜಿನ್‌ನ ಗಣಕಕ್ಕೆ ಬೇರೆ ಸಾಫ್ಟ್‌ವೇರ್ ತುಂಬಿ ಟರ್ಬೊ ಒತ್ತಡ ಹೆಚ್ಚಿಸುವುದು. ಮಾರುವ ಮುನ್ನ ಮೂಲ ಸಾಫ್ಟ್‌ವೇರ್ ಮರಳಿ ಹಾಕಿಸುವವರಿದ್ದಾರೆ. ಆದರೆ ಫೋಕ್ಸ್‌ವ್ಯಾಗನ್ ಬಳಗದ ಕಾರಿನಲ್ಲಿ ಅಧಿಕೃತ ಸರ್ವಿಸ್ ಸೆಂಟರ್ ಒಮ್ಮೆ ರೀಮ್ಯಾಪನ್ನು ಪತ್ತೆಹಚ್ಚಿದ್ದರೆ ‘ಟಿಡಿ1’ ಎಂಬ ಗುರುತು ಕಂಪನಿಯ ದಾಖಲೆಯಲ್ಲಿ ಉಳಿಯುತ್ತದೆ. ಆ ಗುರುತು ಬಿದ್ದ ಕಾರಿನ ಎಂಜಿನ್, ಗೇರ್‌ಬಾಕ್ಸ್‌ಗೆ ಕಂಪನಿಯ ವಾರಂಟಿ ಸಿಗುವುದು ಬಲು ಕಷ್ಟ.

ಆದ್ದರಿಂದ ಮುಂಗಡ ಕೊಡುವ ಮೊದಲು ಒಂದು ಕೆಲಸ ಮಾಡಿ. ಕಾರನ್ನು ಅಧಿಕೃತ ಸರ್ವಿಸ್ ಸೆಂಟರಿಗೆ ಒಯ್ದು ಪರೀಕ್ಷೆಯ ಶುಲ್ಕ ನೀವೇ ಕಟ್ಟಿ, ‘ಈ ಕಾರಿಗೆ ವಿಸ್ತರಿತ ವಾರಂಟಿ ಕೊಡುತ್ತೀರಾ?’ ಎಂದು ಕೇಳಿ. ವಯಸ್ಸು ಮೀರಿದ್ದರಿಂದ ಆಗದು ಎಂದರೆ ಅದು ಬೇರೆ ಮಾತು. ವಯಸ್ಸು, ಕಿಲೋಮೀಟರ್ ಎರಡೂ ಮಿತಿಯೊಳಗಿದ್ದೂ ಒಲ್ಲೆ ಎಂದರೆ ಆ ಕಾರಿನಲ್ಲಿ ನಿಮಗೆ ಕಾಣದ್ದೇನೋ ಅವರಿಗೆ ಕಂಡಿದೆ. ವಾರಂಟಿ ಕೊಳ್ಳದಿದ್ದರೂ ಈ ಪ್ರಶ್ನೆ ಕೇಳಲೇಬೇಕು. ಮಾರುವವರು ಕಾರನ್ನು ಅಲ್ಲಿಗೆ ತರಲು ಹಿಂಜರಿದರೆ ನಿಮ್ಮ ಉತ್ತರ ಸಿಕ್ಕಂತೆಯೇ.

ವಾರಂಟಿ ಪತ್ರ ಓದುವ ಬಗೆ

ಕಂಪನಿಯದೇ ವಿಸ್ತರಿತ ವಾರಂಟಿಯನ್ನು ಸಾಮಾನ್ಯವಾಗಿ ಮೂಲ ವಾರಂಟಿ ಮುಗಿಯುವುದರೊಳಗೆ ಕೊಂಡಿರಬೇಕು. ಮೊದಲ ಮಾಲೀಕರು ಕೊಂಡಿದ್ದರೆ ಅದು ನಿಮ್ಮ ಹೆಸರಿಗೆ ವರ್ಗವಾಗುತ್ತದೆಯೇ, ಅದಕ್ಕೆ ಅರ್ಜಿ ಬೇಕೇ ಎಂದು ವಿಚಾರಿಸಿ. ಉಳಿದವು ಸೆಕೆಂಡ್ ಹ್ಯಾಂಡ್ ಮಾರಾಟಗಾರರ ಅಥವಾ ಹೊರಗಿನ ವಾರಂಟಿ ಸಂಸ್ಥೆಗಳ ಯೋಜನೆಗಳು. ನನ್ನ ಕೈ ಸುಟ್ಟದ್ದು ಇಲ್ಲಿ.

ಪತ್ರದ ಮುಖಪುಟದಲ್ಲಿ ಎಂಜಿನ್, ಗೇರ್‌ಬಾಕ್ಸ್, ಟರ್ಬೊ ಎಲ್ಲದರ ಚಿತ್ರ ಇರುತ್ತದೆ. ಅದನ್ನು ಬದಿಗಿಟ್ಟು ‘ಇವು ಸೇರಿಲ್ಲ’ ಎಂಬ ಪುಟಕ್ಕೆ ಹೋಗಿ. ಬ್ರೇಕ್ ಪ್ಯಾಡ್, ಕ್ಲಚ್, ಸಸ್ಪೆನ್ಷನ್ ಬುಷ್ ಮುಂತಾಗಿ ಸವೆಯುವ ಭಾಗಗಳು ಹೆಚ್ಚಾಗಿ ಹೊರಗಿರುತ್ತವೆ, ಅದು ನ್ಯಾಯವೇ. ಹೆಚ್ಚು ಅಪಾಯ ಇರುವುದು ‘ಪರಿಣಾಮವಾಗಿ ಆದ ಹಾನಿ’ ಎಂಬ ಸಾಲಿನಲ್ಲಿ. ಪಟ್ಟಿಯಲ್ಲಿ ಇಲ್ಲದ ಒಂದು ರಬ್ಬರ್ ಕೊಳವೆ ಒಡೆದು, ಕೂಲೆಂಟ್ ಖಾಲಿಯಾಗಿ ಎಂಜಿನ್ ಸೀಜ್ ಆದರೆ, ಎಂಜಿನ್ ಪಟ್ಟಿಯಲ್ಲಿದ್ದರೂ ಹಣ ಬರದೆ ಹೋಗಬಹುದು. ಗೇರ್‌ಬಾಕ್ಸ್ ಬಿಚ್ಚಿ ನೋಡುವ ಕೂಲಿ ಯಾರದು ಎಂದು ಕೇಳಿ. ಅರ್ಜಿ ತಿರಸ್ಕೃತವಾದರೆ ಅದು ನಿಮ್ಮ ತಲೆಗೇ ಬರುತ್ತದೆ. ಮೊದಲ ಕೆಲವು ವಾರ ಏನನ್ನೂ ಕೇಳುವಂತಿಲ್ಲ ಎಂಬ ಷರತ್ತು ಇದೆಯೇ? ರಿಪೇರಿಯನ್ನು ಎಲ್ಲಿ ಮಾಡಿಸಬೇಕು? ಹುಬ್ಬಳ್ಳಿಯವರು ಕಾರನ್ನು ಬೆಂಗಳೂರಿಗೆ ಹೊತ್ತೊಯ್ಯಬೇಕಾದರೆ ಆ ಖರ್ಚೂ ಲೆಕ್ಕಕ್ಕೆ ಸೇರಬೇಕು.

ಈಗ ಲೆಕ್ಕ. ಉದಾಹರಣೆಗೆ, ಎರಡು ವರ್ಷದ ವಾರಂಟಿಗೆ 80,000 ರೂಪಾಯಿ, ಒಂದು ಸಲಕ್ಕೆ ಗರಿಷ್ಠ ಪಾವತಿ 1 ಲಕ್ಷ ಎಂದಿಟ್ಟುಕೊಳ್ಳಿ. 2.5 ಲಕ್ಷದ ಗೇರ್‌ಬಾಕ್ಸ್ ಕೆಲಸ ಬಂತು. ನಿಮ್ಮ ಕೈಯಿಂದ 1.5 ಲಕ್ಷ, ಮೊದಲೇ ಕಟ್ಟಿದ 80,000, ಒಟ್ಟು 2.3 ಲಕ್ಷ ಹೋಯಿತು. ಉಳಿದದ್ದು 20,000. ಏನೂ ಕೆಡದಿದ್ದರೆ 80,000 ಹೋದಂತೆಯೇ. ಇಂಥ ವಾರಂಟಿಯನ್ನು ನಾನು ಕೊಳ್ಳುವುದಿಲ್ಲ. ಆ ಹಣವನ್ನು ಬೇರೆ ಖಾತೆಯಲ್ಲಿ ಕಾರಿನ ಹೆಸರಿಗೇ ಇಡುತ್ತೇನೆ. ಕಾರಿನ ಪೂರ್ಣ ಬೆಲೆಯವರೆಗೆ ಭರಿಸುವ, ಮುಂದಿನ ಮಾಲೀಕರಿಗೂ ವರ್ಗವಾಗುವ ಕಂಪನಿಯದೇ ವಾರಂಟಿ ಸಿಕ್ಕರೆ ಮಾತ್ರ ಎರಡನೇ ಯೋಚನೆ ಬೇಡ.

ಬಾಯಿಮಾತಿನ ಭರವಸೆಗಳನ್ನು ಮಾರಾಟದ ಒಪ್ಪಂದದಲ್ಲಿ ಬರೆಸಿ. ಅಂಗಡಿಯವರು ಮಾತು ತಪ್ಪಿದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಎರಡು ವರ್ಷದ ಒಳಗೆ. ಕೈಯಲ್ಲಿ ಬರಹ ಇದ್ದವರಿಗೆ ಅಲ್ಲಿ ದಾರಿ ಸುಲಭ.

ಕಾಗದಪತ್ರ

ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30 ಸಹಿ ಆಗಬೇಕು. ಸಾಲ ಇದ್ದ ಕಾರಾದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಜೊತೆ ಆರ್‌ಸಿಯಲ್ಲಿನ ಸಾಲದ ನಮೂದು ತೆಗೆಸುವ ಫಾರಂ 35 ಬೇಕು. ಹೊರ ರಾಜ್ಯದ ಕಾರು ಅಗ್ಗ ಎಂದು ಆತುರಪಡಬೇಡಿ. ಕರ್ನಾಟಕದಲ್ಲಿ ಕಟ್ಟಬೇಕಾದ ಜೀವಿತಾವಧಿ ತೆರಿಗೆಯನ್ನು ಆರ್‌ಟಿಒದಲ್ಲಿ ವಿಚಾರಿಸಿ ಬೆಲೆಗೆ ಕೂಡಿಸಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ. ಹಿಂದಿನವರ ನೋ ಕ್ಲೇಮ್ ಬೋನಸ್ (ವಿಮೆಯಿಂದ ಹಣ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ಅವರ ಜೊತೆಯೇ ಹೋಗುತ್ತದೆ. ಎರಡೂ ಕೀಲಿ ಕೇಳಿ ಪಡೆಯಿರಿ.

ಕಾರು ಮನೆಗೆ ಬಂದ ವಾರದಲ್ಲೇ ಎಂಜಿನ್ ಎಣ್ಣೆ, ಗೇರ್‌ಬಾಕ್ಸ್ ಎಣ್ಣೆ ಎರಡನ್ನೂ ಬದಲಿಸಿ. ಬಿಲ್ಲಿನಲ್ಲಿ ‘ಗೇರ್‌ಬಾಕ್ಸ್ ಎಣ್ಣೆ’ ಎಂದು ಬಿಡಿಸಿ ಬರೆಸಿ, ಕಿಲೋಮೀಟರ್ ಸೇರಿಸಿ, ಮೊಹರು ಹಾಕಿಸಿ. ನಿಮ್ಮ ಕಡತದ ಮೊದಲ ಹಾಳೆ ಅದೇ ಆಗಿರಲಿ.