ನಾಮದ ಚಿಲುಮೇಲಿ ವಾರವಾರ ಮರ ನೋಡಿ ಬರೆದಿಟ್ಟ ನನ್ನ ಅನುಭವ

ತುಮಕೂರಿನವರಿಗೆ ನಾಮದ ಚಿಲುಮೆ ಅಂದ್ರೆ ಜಿಂಕೆ, ಬಂಡೆ ಒಳಗಿಂದ ಬರೋ ನೀರು, ಬುತ್ತಿ ಕಟ್ಕೊಂಡು ಹೋಗೋ ಭಾನುವಾರ. ರಾಮ ಹಣೆಗೆ ನಾಮ ಇಟ್ಕೊಳ್ಳೋಕೆ ನೀರು ಸಿಗದೆ ಬಾಣ ಬಿಟ್ಟು ಚಿಲುಮೆ ಎಬ್ಬಿಸಿದ ಅನ್ನೋ ಕತೆ ಎಲ್ಲರಿಗೂ ಗೊತ್ತು, ಆದ್ರೆ ಅಲ್ಲೇ ಇರೋ ಅರಣ್ಯ ಇಲಾಖೆಯ ಔಷಧಿ ಗಿಡಗಳ ತೋಟದೊಳಗೆ ನಿಧಾನವಾಗಿ ಓಡಾಡೋರು ಕಮ್ಮಿ. ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡೋನು. ಮೂರು ವರ್ಷದಿಂದ ಭಾನುವಾರ ಬೆಳಗ್ಗೆ ಸ್ಕೂಟರಲ್ಲಿ ಹೋಗಿ ತೋಟದಲ್ಲೂ ಅದರ ಸುತ್ತಮುತ್ತಲೂ ಇರೋ ಆರು ಮರ ನೋಡಿ ಬರೀತಿದೀನಿ: ಹೊಂಗೆ, ಮುತ್ತುಗ, ಕಕ್ಕೆ, ಬೇವು, ನೆಲ್ಲಿ, ಶ್ರೀಗಂಧ.

ಐಡಿಯಾ ನಂದಲ್ಲ. ಸೀಸನ್‌ವಾಚ್ ಅಂತ 2010ರಿಂದ ಒಂದು ಕೆಲಸ ನಡೀತಿದೆ, ದೇಶದ ಬೇರೆ ಬೇರೆ ಕಡೆ ಜನ, ಅದರಲ್ಲೂ ಕೇರಳದ ಸ್ಕೂಲ್ ಮಕ್ಕಳು, ಒಂದೊಂದು ಮರ ಆರಿಸ್ಕೊಂಡು ಚಿಗುರು, ಬಲಿತ ಎಲೆ, ಮೊಗ್ಗು, ಹೂವು, ಕಾಯಿ, ಹಣ್ಣು ಎಷ್ಟಿದೆ ಅಂತ ವಾರಕ್ಕೊಂದ್ಸಲ ಬರೀತಾರೆ. ಲೆಕ್ಕ ಹಾಕೋದೇನೂ ಬೇಡ, ಇಲ್ಲ, ಸ್ವಲ್ಪ, ಜಾಸ್ತಿ, ಮೂರೇ ಮಾತು. ಮರದ ಮೂರರಲ್ಲೊಂದು ಪಾಲಿಗಿಂತ ಕಮ್ಮಿ ಇದ್ರೆ ಸ್ವಲ್ಪ, ಮೀರಿದ್ರೆ ಜಾಸ್ತಿ ಅಂತ ನಾನೂ ಇಟ್ಕೊಂಡೆ.

ಮೊದಲನೇ ವರ್ಷದ ನೋಟ್‌ಬುಕ್ ಪೂರ್ತಿ ಕೆಲಸಕ್ಕೆ ಬರ್ಲಿಲ್ಲ. ಈ ವಾರ ಈ ಹೊಂಗೆ, ಮುಂದಿನ ವಾರ ಕಣ್ಣಿಗೆ ಚೆನ್ನಾಗಿ ಕಂಡ ಇನ್ನೊಂದು ಹೊಂಗೆ. ಚಿಲುಮೆ ಕಡೆ ತೇವದಲ್ಲಿರೋ ಮರಕ್ಕೂ ಬಂಡೆ ಮೇಲಿನ ಮರಕ್ಕೂ ಎಲೆ ಉದುರೋದ್ರಲ್ಲೇ ಎರಡು ಮೂರು ವಾರ ಹೆಚ್ಚುಕಮ್ಮಿ ಆಗುತ್ತೆ, ಎರಡನ್ನೂ ಕಲಸಿ ಬರೆದ್ರೆ ಏನರ್ಥ ಬರುತ್ತೆ ಹೇಳಿ. ಎರಡನೇ ವರ್ಷ ಆರು ಮರಕ್ಕೂ ಸಡಿಲವಾಗಿ ಹತ್ತಿ ದಾರ ಕಟ್ಟಿ ನಂಬರ್ ಚೀಟಿ ನೇತುಹಾಕಿದೆ, ದಯವಿಟ್ಟು ಯಾರೂ ಮೊಳೆ ಹೊಡೀಬೇಡಿ, ತೊಗಟೆಗೆ ಗಾಯ ಆಗುತ್ತೆ. ಇನ್ನೊಂದು, ಮನೆಗೆ ಬಂದು ಸಂಜೆ ನೆನಪಿಸ್ಕೊಂಡು ಬರಿಯೋದು ಬೇಡ. ಮರದ ಕೆಳಗೆ ನಿಂತೇ ಬರೀಬೇಕು, ನೆನಪು ಯಾವಾಗ್ಲೂ ಹೂವನ್ನ ಜಾಸ್ತಿ ಮಾಡುತ್ತೆ.

ನಾನು ತುಂಬಾ ಕಲಿತಿದ್ದು ಕಕ್ಕೆ ಮರದ ಹತ್ರ. ಮೇ ತಿಂಗಳು, ಮರ ತುಂಬಾ ಹಳದಿ ಗೊಂಚಲು ಜೋತುಬಿದ್ದಿದೆ, ಮಧ್ಯೆ ಮಧ್ಯೆ ಎರಡು ಗೇಣುದ್ದದ ಕರೀ ಕಾಯಿ. ನಾನು "ಹೂವು ಜಾಸ್ತಿ, ಹಣ್ಣು ಜಾಸ್ತಿ" ಅಂತ ಬರೀತಿದ್ದೆ. ತೋಟದಲ್ಲಿ ಕಳೆ ತೆಗೆಯೋಕೆ ಬರೋ ಅಜ್ಜಿ ಒಬ್ರು ಹಿಂದೆ ನಿಂತು ನೋಡ್ತಿದ್ರು. "ಮೇಷ್ಟ್ರೇ, ಅದು ಈ ವರ್ಷದ್ದಲ್ಲ ಕಣಪ್ಪ, ಹೋದ ವರ್ಷದ ಹೂವಿಂದು" ಅಂದ್ರು. ಕೆಳಗೆ ಬಿದ್ದಿದ್ದ ಒಂದು ಕಾಯಿ ಎತ್ತಿ ಕಲ್ಲಿಗೆ ಕುಟ್ಟಿ ಒಡೆದ್ರು. ಒಳಗೆ ನಾಣ್ಯ ಜೋಡಿಸಿಟ್ಟ ಹಾಗೆ ತೆಳ್ಳನೆ ಬಿಲ್ಲೆ ಬಿಲ್ಲೆ ಗೋಡೆ, ಒಂದೊಂದು ಮನೆಗೂ ಒಂದೊಂದು ಬೀಜ, ಗೋಡೆಗೆಲ್ಲ ಅಂಟಂಟು ಕರೀ ತಿರುಳು. ಮಲಬದ್ಧತೆಗೆ ಕೊಡ್ತಿದ್ದಿದ್ದು ಇದೇ ತಿರುಳು. ಆಮೇಲೆ ಹೂವು ಉದುರಿದ ಒಂದು ತೊಟ್ಟು ಬಗ್ಗಿಸಿ ತೋರಿಸಿದ್ರು, ಹುರುಳಿಕಾಯಿಗಿಂತ ಸಣ್ಣ, ಎಳೇ ಹಸಿರು ಕಡ್ಡಿ, ಅದು ಈ ವರ್ಷದ ಕಾಯಿ. ಮಳೆಗಾಲ ಪೂರ್ತಿ ಉದ್ದ ಆಗಿ, ಚಳಿ ಕಳೆದ ಮೇಲೆ ಕಪ್ಪಾಗಿ ಒಣಗೋದು ಅದು. ಅಂದ್ರೆ ಒಂದೇ ಮರದಲ್ಲಿ ಎರಡು ವರ್ಷ ಒಟ್ಟಿಗೆ ನೇತಾಡ್ತಿತ್ತು, ನಾನು ಎರಡನ್ನೂ ಒಂದೇ ಕಾಲಂಗೆ ತುಂಬ್ತಿದ್ದೆ. ಅವತ್ತಿಂದ "ಹಳೇ ಕಾಯಿ" ಅಂತ ಬೇರೆ ಗೆರೆ ಎಳೆದೆ.

ಅಜ್ಜಿ ತಾರೀಖು ಹೇಳಲ್ಲ, ಮಳೆ ಹೆಸರು ಹೇಳ್ತಾರೆ. ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅನ್ನೋದು ನಾನೂ ಚಿಕ್ಕಂದಿನಿಂದ ಕೇಳಿದ್ದೇ, ಆದ್ರೆ ಈಗ ನೋಟ್‌ಬುಕ್ಕಲ್ಲಿ ತಾರೀಖಿನ ಪಕ್ಕ ಮಳೆ ನಕ್ಷತ್ರ, ಬಂತಾ ಇಲ್ವಾ ಅಂತಾನೂ ಬರೀತೀನಿ. ಸ್ಕೂಲಲ್ಲಿ ಮಕ್ಕಳು ಇದನ್ನ ಮನೇಲಿ ಅಜ್ಜ ಅಜ್ಜಿ ಹತ್ರ ಕೇಳ್ಕೊಂಡು ಬರ್ತಾರೆ, ಅದೇ ಒಂದು ಖುಷಿ.

ಶಿವರಾತ್ರಿ ಹೊತ್ತಿಗೆ ಮುತ್ತುಗದಲ್ಲಿ ಎಲೇನೇ ಇರಲ್ಲ, ಕಂದು ಬಣ್ಣದ ವೆಲ್ವೆಟ್ ಥರ ಮೊಗ್ಗು ಒಡೆದು ಕೆಂಡದ ಬಣ್ಣದ ಹೂವು, ಮೈನಾ ಸೂರಕ್ಕಿ ಗಲಾಟೆ. ಬೇವು, ನೆಲ್ಲಿ ಬಗ್ಗೆ ಇನ್ನೊಂದ್ಸಲ ಬರೀತೀನಿ. ಶ್ರೀಗಂಧದ ಹೂವು ಮಾತ್ರ ಕೈಲಿ ಹಿಡಿದು ನೋಡಬೇಕು, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು, ಅರಳಿದಾಗ ಹುಲ್ಲಿನ ಬಣ್ಣ, ದಿನ ಕಳೀತಾ ಕಂದುಗೆಂಪು, ಹಾಗಾಗಿ ಒಂದೇ ಗೊಂಚಲಲ್ಲಿ ಯಾವುದು ಹೊಸದು ಯಾವುದು ಹಳೇದು ಗೊತ್ತಾಗುತ್ತೆ. ಇದರ ಬೇರು ಪಕ್ಕದ ಗಿಡದ ಬೇರಿಗೆ ಅಂಟ್ಕೊಂಡು ನೀರು, ಪೋಷಕಾಂಶ ಎಳ್ಕೊಳ್ಳುತ್ತೆ. ನಾವು ಸ್ಕೂಲ್ ಕಾಂಪೌಂಡಲ್ಲಿ ಸುತ್ತ ನೀಟಾಗಿ ಕ್ಲೀನ್ ಮಾಡಿ ಒಂಟಿಯಾಗಿ ನೆಟ್ಟ ಗಂಧದ ಸಸಿಗಳೆಲ್ಲ ಒಣಗಿ ಹೋಗಿದ್ವು, ಜೊತೆಗೆ ತೊಗರಿ ಹಾಕಬೇಕಿತ್ತು ಅಂತ ಆಗ ಹೊಳೀಲಿಲ್ಲ, ಈಗ್ಲೂ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಹೊಂಗೆದೇ ದೊಡ್ಡ ಕಷ್ಟ. ಒಂದು ಭಾನುವಾರ ಒಣಗಿದ ಕಾಯಿ ಬಿಟ್ರೆ ಬೋಳು, ಮುಂದಿನ ಭಾನುವಾರ ಮೈತುಂಬ ಎಳೇ ಚಿಗುರು, ಯುಗಾದಿ ಆದ್ಮೇಲೆ ಜೇನು ಗುಯ್ಗುಡೋ ತಿಳಿ ನೇರಳೆ ಹೂವು, ನೆಲ ಎಲ್ಲ ಅರಳು ಚೆಲ್ಲಿದ ಹಾಗೆ. ಅಷ್ಟು ಬೇಗ ಆಗೋಗುತ್ತೆ. ಸರಿಯಾಗಿ ಅದೇ ಹೊತ್ತಿಗೆ ನಮಗೆ ಎಸ್ಸೆಸ್ಸೆಲ್ಸಿ ಪೇಪರ್ ಮೌಲ್ಯಮಾಪನ, ಈ ವರ್ಷ ಎರಡು ಭಾನುವಾರ ಹೋಗೋಕಾಗ್ಲಿಲ್ಲ. ಅಜ್ಜಿ ಮಗನ ಮೊಬೈಲಿಂದ ಫೋನ್ ಮಾಡಿ "ಮೇಷ್ಟ್ರೇ, ನಿಮ್ಮ ಒಂದನೇ ನಂಬರ್ ಮರ ಹೂವಾಗೈತೆ, ಯಾಕ್ ಬರ್ಲಿಲ್ಲ" ಅಂದ್ರು. ಎಷ್ಟು ಹೂವು ಅಂತ ಕೇಳ್ದೆ, "ಮರಾನೇ ಹೂವು" ಅಂದ್ರು. ಅವರ ಮಾತನ್ನ ಕೊನೇ ಪುಟದಲ್ಲಿ ಹಾಗೇ ಬರ್ಕೊಂಡಿದೀನಿ. ಆ ಎರಡು ವಾರದ ಕಾಲಂ ಮಾತ್ರ, ನಾನು ನೋಡಿಲ್ವಲ್ಲ, ಖಾಲಿ ಬಿಟ್ಟಿದೀನಿ.